ಮೂರನೇ ಕೂಗು

ನನ್ನನ್ನು ಯಾರೂ ಸೋಲಿಸಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಯಾಕೆಂದರೆ ಹುನಗುಂದದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೇಳಿದರೆ ಬೇರೆ ಏನೋ ಹೇಳಿ ಹಲ್ಲು ಕಿಸಿಯುತ್ತಾರೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ, ಅಂದರೆ ಪದಕಕ್ಕಲ್ಲದೆ ಹೊಟ್ಟೆಪಾಡಿಗೆ ಆಡುವ ಬಾಕ್ಸಿಂಗ್‌ನಲ್ಲಿ, ಹದಿಮೂರು ಸಲ ರಿಂಗ್ ಹತ್ತಿದೆ. ಹದಿಮೂರು ಸಲವೂ ರೆಫ್ರಿ ನನ್ನ ಕೈಯನ್ನೇ ಎತ್ತಿದ. ಹನ್ನೊಂದನೆಯ ಪಂದ್ಯದಲ್ಲಿ ದೇಶದ ಪಟ್ಟ ಬಂತು, ಸೊಂಟಕ್ಕೆ ಅಗಲವಾದ ಬೆಲ್ಟು ಕಟ್ಟಿದರು. ಆಮೇಲೆ ಅದನ್ನು ಕಸಿಯಲು ಬಂದ ಇಬ್ಬರನ್ನು ಬರಿಗೈಯಲ್ಲಿ ಕಳಿಸಿದೆ. ಹದಿನಾಲ್ಕನೆಯ ಪಂದ್ಯ ಬಾಗಲಕೋಟೆಯಲ್ಲಿ, ನಮ್ಮ ಮಂದಿಯ ಎದುರಿಗೇ ನಡೆಯಿತು. ನಾನು ಹೇಳಬೇಕೆಂದಿರುವುದು ಅದರ ಸಂಗತಿ.

ಅದಕ್ಕೆ ಅಪ್ಪನಿಂದ ಶುರುಮಾಡಬೇಕು. ಅಪ್ಪ ಮೊದಲು ಪೈಲ್ವಾನ, ಆಮೇಲೆ ಕೋರ್ಟಿನ ಸಿಪಾಯಿ. ಪೈಲ್ವಾನಕಿಯ ಕಾಲದಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಅವನ ಬೆನ್ನಿಗೆ ಮಣ್ಣು ಹತ್ತಿದ್ದನ್ನು ಕಂಡವರಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಅಪ್ಪ ಅದಕ್ಕೊಂದು ಬಾಲ ಸೇರಿಸುತ್ತಿದ್ದ: ಅದರಲ್ಲಿ ಅರ್ಧ ಗೆದ್ದದ್ದಲ್ಲ, ಬರೋಬರಿ ಆದದ್ದು. ನಮ್ಮ ಕಡೆಯ ಕುಸ್ತಿಯಲ್ಲಿ ಅದೊಂದು ಪದ್ಧತಿ. ಇಬ್ಬರೂ ಸಮಬಲದವರು, ಎಷ್ಟು ಹೊತ್ತು ಸೆಣಸಿದರೂ ಯಾರೂ ಬೀಳುತ್ತಿಲ್ಲ, ಇನ್ನೂ ಬಿಟ್ಟರೆ ಯಾರದಾದರೂ ಕೈಯೋ ಕುತ್ತಿಗೆಯೋ ಮುರಿಯುತ್ತದೆ ಎನ್ನಿಸಿದಾಗ ಹಿರಿಯನೊಬ್ಬ ಚಪ್ಪಲಿ ಕಳಚಿಟ್ಟು, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ಕಣದೊಳಕ್ಕೆ ಇಳಿಯುತ್ತಾನೆ. ಇಬ್ಬರ ಬೆನ್ನೂ ತಟ್ಟಿ ಬಿಡಿಸುತ್ತಾನೆ, ಇಬ್ಬರ ಕೈಯನ್ನೂ ಮೇಲಕ್ಕೆತ್ತುತ್ತಾನೆ. ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ. ಇಬ್ಬರೂ ಒಂದೊಂದು ತೆಂಗಿನಕಾಯಿ ಹಿಡಿದುಕೊಂಡು ಮನೆಗೆ ಹೋಗುತ್ತಾರೆ. ಆ ಹಿರಿಯನಿಗೆ ಎದುರಾಡುವವರಿಲ್ಲ. ಚಿಕ್ಕವನಿದ್ದಾಗ ನನಗೆ ಇದು ಶುದ್ಧ ಅನ್ಯಾಯ ಅನ್ನಿಸುತ್ತಿತ್ತು. ಇನ್ನೈದು ನಿಮಿಷ ಬಿಟ್ಟಿದ್ದರೆ ನೀನೇ ಗೆಲ್ಲುತ್ತಿದ್ದೆ ಎಂದು ಅಪ್ಪನ ಪರವಾಗಿ ನಾನೇ ಸಿಟ್ಟಾಗುತ್ತಿದ್ದೆ. ಅವನು ನಗುತ್ತಿದ್ದ.

ಸಿಪಾಯಿಯಾಗಿ ಅವನ ಕೆಲಸ ಹುನಗುಂದದ ಕೋರ್ಟಿನ ಬಾಗಿಲಲ್ಲಿ ನಿಂತು ಕೂಗುವುದು. ಕೇಸಿನವರ ಹೆಸರನ್ನು ಮೂರು ಸಲ ಕೂಗಬೇಕು. ಮೂರನೆಯ ಕೂಗಿಗೂ ಹಾಜರಾಗದಿದ್ದರೆ ಅವರಿಲ್ಲದೆಯೇ ಮುಂದಿನದು ನಡೆಯುತ್ತದೆ. ಪೈಲ್ವಾನನ ಎದೆಯಿಂದ ಬರುವ ಆ ದನಿ ಅಂಗಳದ ಬೇವಿನ ಗಿಡ ದಾಟಿ, ಝೆರಾಕ್ಸ್ ಅಂಗಡಿ ದಾಟಿ, ರಸ್ತೆಯಾಚೆ ಚಹಾ ಕುಡಿಯುತ್ತ ನಿಂತವನನ್ನು ಓಡಿಸಿಕೊಂಡು ಬರುತ್ತಿತ್ತು. ಮನೆಯಲ್ಲಿ ಊಟಕ್ಕೆ ಕರೆಯುವಾಗಲೂ ಅದೇ ದನಿ, ಅದೇ ಮೂರು ಸಲ. ಮೂವತ್ತು ವರ್ಷ ಆ ಬಾಗಿಲಲ್ಲಿ ನಿಂತು ಅವನು ಕಾನೂನನ್ನು ಕಿವಿಯಿಂದಲೇ ಕಲಿತಿದ್ದ. ಮನೆಗೆ ಯಾವ ಕಾಗದ ಬಂದರೂ ಎಲ್ಲಕ್ಕಿಂತ ಕೆಳಗಿನ ಸಣ್ಣ ಅಕ್ಷರದಿಂದ ಓದಲು ಶುರುಮಾಡುತ್ತಿದ್ದ. ಇದನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೆ.

ನಾನು ಬಾಕ್ಸಿಂಗ್‌ಗೆ ಬಂದದ್ದೂ ಸಿಟ್ಟಿನ ಬೆನ್ನು ಹತ್ತಿಯೇ. ಇಳಕಲ್ಲಿನ ಒಂದು ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕಲ್ಲಿಗೆ ಪಾಲಿಶ್ ಮಾಡುವ ಕೆಲಸಕ್ಕಿದ್ದೆ. ಮೇಲಿನವನೊಬ್ಬ ಅವ್ವನ ಹೆಸರು ಎಳೆದು ತಂದು ಬೈದ, ನನ್ನ ಕೈ ನನ್ನನ್ನು ಕೇಳದೆ ಎದ್ದಿತು, ಒಂದೇ ಏಟಿಗೆ ಅವನು ಕೆಂಪು ಕಲ್ಲಿನ ಧೂಳಿನಲ್ಲಿ ಮಲಗಿದ. ಕೆಲಸ ಹೋಯಿತು. ಅದನ್ನು ನೋಡುತ್ತ ನಿಂತಿದ್ದ ಲಾರಿ ಡ್ರೈವರನೊಬ್ಬ, ಬಾಗಲಕೋಟೆಯ ನವನಗರದಲ್ಲಿ ಫೌಜಿನಿಂದ ನಿವೃತ್ತರಾದ ಸುಭೇದಾರರೊಬ್ಬರು ಬಾಕ್ಸಿಂಗ್ ಕಲಿಸುತ್ತಾರೆ, ಈ ಕೈಯನ್ನು ಅವರ ಹತ್ತಿರ ಒಯ್ಯು ಎಂದ. ಒಯ್ದೆ.

ಸುಭೇದಾರರು ಕಲಾದಗಿಯವರು. ತಗಡಿನ ಶೆಡ್ಡು, ಮರಳು ತುಂಬಿದ ಎರಡು ಚೀಲ, ಒಂದು ಸೀಟಿ, ಇಷ್ಟೇ ಅವರ ಆಸ್ತಿ. ಮೊದಲ ಆರು ತಿಂಗಳು ನನಗೆ ಗುದ್ದಲಿಕ್ಕೇ ಬಿಡಲಿಲ್ಲ. ಕೈ ದೇವರು ಕೊಟ್ಟಾನ, ಕಾಲು ನಾ ಕೊಡಬೇಕು ಎನ್ನುತ್ತಿದ್ದರು. ಪಂದ್ಯಕ್ಕೆ ಮೂರು ವಾರ ಇದ್ದಾಗ ಬಾದಾಮಿಯಲ್ಲಿ ಒಂದು ಕೋಣೆ ಹಿಡಿಯುತ್ತಿದ್ದರು. ಬೆಳಿಗ್ಗೆ ಗುಡ್ಡದ ಕಾಲುದಾರಿಯಲ್ಲಿ ಮಹಾಕೂಟದವರೆಗೆ ಓಡಬೇಕು, ಅಲ್ಲಿನ ಹೊಂಡದಲ್ಲಿ ಮುಳುಗೆದ್ದು ತಿರುಗಿ ಓಡಿ ಬರಬೇಕು. ಒಮ್ಮೆ ಬಾದಾಮಿಯ ಮೆಟ್ಟಿಲ ಮೇಲೆ ಒಂದು ಮಂಗ್ಯಾ ನನ್ನ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡು ಹೋಯಿತು. ದೇಶದ ಪಟ್ಟಕ್ಕೆ ಆಡುವವನ ಕೈಯಿಂದ ಹಣ್ಣು ಕಸಿದ ಅದನ್ನೇ ರಿಂಗಿಗೆ ಕಳಿಸೋಣ ಎಂದು ಸುಭೇದಾರರು ವಾರಪೂರ್ತಿ ಕಾಡಿದರು.

ಹೀಗೆ ಏಳು ವರ್ಷ. ಪಟ್ಟ ಬಂದ ದಿನ ಹುನಗುಂದದಲ್ಲಿ ನನ್ನನ್ನು ಟ್ರ್ಯಾಕ್ಟರಿನ ಮೇಲೆ ನಿಲ್ಲಿಸಿ ಮೆರೆಸಿದರು. ಕೋರ್ಟಿನ ವಕೀಲರು ಅಪ್ಪನಿಗೆ ಶಾಲು ಹೊದಿಸಿದರು. ಬ್ಯಾನರಿನಲ್ಲಿ ನನ್ನ ಹೆಸರಿನ ಮುಂದೆ ‘ಅಜೇಯ’ ಎಂದು ಹಾಕಿದ್ದರು. ಆ ಮೂರಕ್ಷರ ನನ್ನ ತಲೆಗೇರಿತು, ಸುಳ್ಳು ಹೇಳುವುದಿಲ್ಲ. ಬೆಲ್ಟು ಕಳೆದುಹೋದರೆ ಮತ್ತೆ ಗೆದ್ದು ತರಬಹುದು, ಅಜೇಯ ಅನ್ನುವುದು ಒಮ್ಮೆ ಹೋದರೆ ಹೋಯಿತು. ಅದನ್ನು ಕೂಸಿನ ಹಾಗೆ ಎದೆಗವಚಿಕೊಂಡು ಓಡಾಡುತ್ತಿದ್ದೆ.

ಹನ್ನೆರಡನೆಯ ಪಂದ್ಯದ ನಂತರ ಎಡಗಣ್ಣಿನಲ್ಲಿ ಕರಿಯ ಚುಕ್ಕೆಗಳು ಹಾರಾಡತೊಡಗಿದವು. ಮೊದಲು ನೊಣ ಎಂದು ಕೈ ಬೀಸಿದೆ. ಹದಿಮೂರನೆಯದು ಮುಗಿದ ಮೇಲೆ ಕಣ್ಣಿನ ಅಂಚಿನಲ್ಲಿ ಮಿಂಚು ಹೊಡೆದ ಹಾಗೆ ಆಗುತ್ತಿತ್ತು. ಯಾರಿಗೂ ಹೇಳದೆ ಒಬ್ಬನೇ ದೂರದ ಒಂದು ಕಣ್ಣಿನ ದವಾಖಾನೆಗೆ ಹೋದೆ. ಕಣ್ಣಿನ ಹಿಂದಿನ ಪರದೆ ಅಂಚಿನಲ್ಲಿ ಬಿಚ್ಚುತ್ತಿದೆ, ಇನ್ನೊಂದು ಬಲವಾದ ಏಟು ಬಿದ್ದರೆ ಪೂರ್ತಿ ಕಳಚಿಕೊಳ್ಳಬಹುದು, ಆಮೇಲೆ ಕಣ್ಣು ಸಿಕ್ಕುವ ಭರವಸೆ ಇಲ್ಲ ಎಂದರು ಡಾಕ್ಟರು. ಬಾಕ್ಸಿಂಗ್ ಇವತ್ತಿಗೇ ಬಿಡಬೇಕೆಂದರು. ನಾನು ತಲೆಯಾಡಿಸಿ ಹೊರಬಂದು ಚೀಟಿಯನ್ನು ಚೂರುಚೂರು ಮಾಡಿ ಗಟಾರಕ್ಕೆ ಹಾಕಿದೆ. ಹದಿನಾಲ್ಕನೆಯ ಪಂದ್ಯಕ್ಕೆ ಆಗಲೇ ಬಾಗಲಕೋಟೆಯ ಗೋಡೆಗಳ ಮೇಲೆ ನನ್ನ ಚಿತ್ರ ಅಂಟಿಸಿದ್ದರು. ಅದೊಂದು ಮುಗಿಸಿ, ಹದಿನಾಲ್ಕಕ್ಕೆ ಹದಿನಾಲ್ಕು ಅನ್ನಿಸಿಕೊಂಡು, ನಾನೇ ಬಿಟ್ಟುಬಿಡುತ್ತೇನೆ ಎಂದುಕೊಂಡೆ.

ಮನೆಯಲ್ಲಿ ಊಟಕ್ಕೆ ಕೂತಾಗ ಎಡಕ್ಕಿಟ್ಟ ನೀರಿನ ತಂಬಿಗೆಯನ್ನು ಆ ವಾರ ಮೂರು ಸಲ ಉರುಳಿಸಿದೆ. ಅವ್ವ ಬೈದಳು, ನೆಲ ಒರೆಸಿದಳು. ಮರುದಿನದಿಂದ ತಂಬಿಗೆ ನನ್ನ ಬಲಗಡೆ ಇರತೊಡಗಿತು. ಇಟ್ಟವನು ಅಪ್ಪನೇ. ನಾನು ನೋಡಿಯೂ ನೋಡದ ಹಾಗೆ ಊಟ ಮಾಡಿದೆ, ಅವನೂ ಹಾಗೆಯೇ ಮಾಡಿದ. ಆ ವಾರ ಇಬ್ಬರೂ ಒಬ್ಬರನ್ನೊಬ್ಬರು ಕಳ್ಳರ ಹಾಗೆ ಕಾಯುತ್ತಿದ್ದೆವು.

ಪಂದ್ಯದ ಹಿಂದಿನ ದಿನ ಬಾಗಲಕೋಟೆಯಲ್ಲಿ ತೂಕ, ವೈದ್ಯರ ತಪಾಸಣೆ, ನಿಯಮ ತಿಳಿಸುವ ಸಭೆ. ಅಪ್ಪ ನನ್ನ ಜೊತೆಗೆ ಬಂದಿದ್ದ. ಪ್ರತಿ ಪಂದ್ಯದಲ್ಲೂ ಸುಭೇದಾರರ ಜೊತೆ ನನ್ನ ಮೂಲೆಯಲ್ಲಿ ನಿಂತು ನೀರು ಕೊಡುವ, ಸ್ಟೂಲು ಇಡುವ ಕೆಲಸ ಅವನದು. ತಪಾಸಣೆಯ ಕೋಣೆಯಲ್ಲಿ ಗೋಡೆಗೆ ಕನ್ನಡ ಅಕ್ಷರದ ಹಾಳೆ ತೂಗುಹಾಕಿದ್ದರು, ಮೇಲೆ ದೊಡ್ಡವು, ಕೆಳಗೆ ಸಣ್ಣವು. ನನಗಿಂತ ಮೊದಲು ನಮ್ಮ ಕಡೆಯ ಇನ್ನಿಬ್ಬರು ಆಟಗಾರರ ಸರದಿ ಇತ್ತು. ಅವರು ಓದುತ್ತಿರುವಾಗ ನಾನು ಬೆಂಚಿನ ಮೇಲೆ ಕೂತು, ಬಲಗಣ್ಣಿನಿಂದ ನೋಡುತ್ತ, ಎಲ್ಲಾ ಸಾಲುಗಳನ್ನೂ ಬಾಯಿಪಾಠ ಮಾಡಿಕೊಂಡೆ. ನನ್ನ ಸರದಿ ಬಂತು. ಬಲಗಣ್ಣು ಮುಚ್ಚಿಕೊಂಡೆ. ಎದುರಿಗೆ ಹಾಳೆ ಬೆಳ್ಳಗೆ ಕಲಕಿದ ನೀರಿನ ಹಾಗಿತ್ತು. ಡಾಕ್ಟರು ಮೂರನೆಯ ಸಾಲು ಓದು ಅಂದರು. ನಾನು ಮೂರನೆಯದು, ನಾಲ್ಕನೆಯದು, ಕೊನೆಯದು, ಕೇಳದೇ ಇದ್ದದ್ದನ್ನೂ ಪಟಪಟನೆ ಓದಿ ಒಪ್ಪಿಸಿದೆ. ಡಾಕ್ಟರು ಬೆನ್ನು ತಟ್ಟಿ ಸಹಿ ಮಾಡಿದರು. ಬಾಗಿಲ ಹತ್ತಿರ ಅಪ್ಪ ಕೈಕಟ್ಟಿಕೊಂಡು ನಿಂತಿದ್ದ.

ಹೊರಗೆ ಗಿಡದ ಕೆಳಗೆ ಬಂದಾಗ ಅವನು ಬಹಳ ಮೆಲ್ಲಗೆ ಮಾತಾಡಿದ.

“ಮೂವತ್ತು ವರ್ಷ ಸಾಕ್ಷಿದಾರರನ್ನ ನೋಡೇನಿ. ಖರೆ ಸಾಕ್ಷಿ ಕೇಳಿದಷ್ಟ ಹೇಳ್ತಾನ. ಪಾಠ ಮಾಡ್ಕೊಂಡ ಬಂದಾಂವ ಕೇಳಲಾರದ್ದೂ ಹೇಳ್ತಾನ.”

ಕಣ್ಣು ಚೆನ್ನಾಗಿಯೇ ಇದೆ ಎಂದೆ. ಅವನು ನನ್ನ ಎಡಗಡೆಗೆ ಬಂದು ನಿಂತು ಎರಡು ಬೆರಳೆತ್ತಿ ಎಷ್ಟು ಎಂದು ಕೇಳಿದ. ನಾನು ಮುಖ ತಿರುಗಿಸಿದೆ. ಈಗಲೇ ಒಳಗೆ ಹೋಗಿ ಡಾಕ್ಟರಿಗೆ ಹೇಳುತ್ತೇನೆ ಎಂದು ಅವನು ಹೊರಟೇಬಿಟ್ಟ. ನಾನು ಅವನ ರಟ್ಟೆ ಹಿಡಿದೆ. ಜೀವಮಾನದಲ್ಲಿ ಅಪ್ಪನ ರಟ್ಟೆಯನ್ನು ಹಾಗೆ ಹಿಡಿದಿರಲಿಲ್ಲ.

“ನೀ ಹೇಳಿದ್ರ ಅಂಜಿ ಕಣ್ಣಿನ ನೆಪಾ ಹೇಳಿದಾ ಅಂತಾರ ಮಂದಿ. ನಾ ಮತ್ತ ನಿನ್ನ ಮನಿ ಹೊಸ್ತಲಾ ದಾಟೂದಿಲ್ಲ. ಇದು ಖರೆ.”

ಅವನು ನನ್ನ ಕೈ ಬಿಡಿಸಿಕೊಂಡ. ಆಮೇಲೆ ಯಾರಿಗೂ ಒಂದು ಮಾತೂ ಹೇಳುವುದಿಲ್ಲ ಎಂದು ಮಾತು ಕೊಟ್ಟ. ಹಾಗೆ ಮಾತು ಕೊಟ್ಟವನು ತಪ್ಪುವವನಲ್ಲ ಎಂದು ನನಗೆ ಗೊತ್ತಿತ್ತು, ಅದಕ್ಕೇ ನಿರುಮ್ಮಳವಾಯಿತು. ನಿಯಮದ ಸಭೆಯಲ್ಲಿ ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ, ಅಪ್ಪ ಮತ್ತು ಸುಭೇದಾರರು ಹಿಂದೆ. ಇಂಗ್ಲಿಷಿನಲ್ಲಿ ಹೇಳುತ್ತಿದ್ದುದನ್ನು ಸುಭೇದಾರರು ಅಪ್ಪನಿಗೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ನಡುವೆ ಒಮ್ಮೆ ತಿರುಗಿ ನೋಡಿದೆ. ಅಪ್ಪ ಅವರ ಕಿವಿಗೆ ಬಾಗಿ ಏನೋ ಕೇಳಿದ, ಅವರು ಉತ್ತರ ಕೊಟ್ಟರು, ಅವನು ಮತ್ತೆ ಕೇಳಿದ, ಅವರು ಹೌದೆಂದು ತಲೆಯಾಡಿಸಿದರು. ಮುದುಕನಿಗೆ ಚಹಾದ ಹೊತ್ತಾಗಿರಬೇಕು ಎಂದುಕೊಂಡೆ.

ಮರುದಿನ ಸಂಜೆ ಒಳಾಂಗಣ ಕ್ರೀಡಾಂಗಣ ತುಂಬಿ ಬಾಗಿಲವರೆಗೂ ಮಂದಿ ನಿಂತಿದ್ದರು. ಹುನಗುಂದದಿಂದ, ಇಳಕಲ್ಲಿನಿಂದ ಗಾಡಿ ಮಾಡಿಕೊಂಡು ಬಂದಿದ್ದರು. ಎದುರಾಳಿ ಉತ್ತರದ ಕಡೆಯವನು, ನನಗಿಂತ ಐದು ವರ್ಷ ಸಣ್ಣವನು, ಬಲಗೈ ಭಾರೀ. ಹತ್ತು ರೌಂಡಿನ ಪಂದ್ಯ. ಅವನ ಬಲಗೈ ಬರುವುದು ನನ್ನ ಎಡಗಣ್ಣಿನ ಕಡೆಯಿಂದ, ಅದು ನನಗೆ ಕಾಣುವುದಿಲ್ಲ. ಅದಕ್ಕೆ ನಾನು ಒಂದು ಉಪಾಯ ಮಾಡಿದ್ದೆ. ಸದಾ ಬಲಕ್ಕೇ ಸುತ್ತಬೇಕು, ಅವನ ಬಲಗೈಯಿಂದ ದೂರ ದೂರ. ಐದು ರೌಂಡು ಆ ಉಪಾಯ ನಡೆಯಿತು. ನಾನು ಹೊಡೆದು ಜಾರುತ್ತಿದ್ದೆ, ಅವನು ಗಾಳಿಗೆ ಗುದ್ದುತ್ತಿದ್ದ. ನಮ್ಮ ಮಂದಿ ಹುಚ್ಚೆದ್ದು ಕೂಗುತ್ತಿದ್ದರು. ಮೂಲೆಯಲ್ಲಿ ಸುಭೇದಾರರು, ಐದಕ್ಕೈದೂ ನಮ್ಮವೇ, ಹೀಗೇ ಹೋಗು ಎಂದರು. ಅಪ್ಪ ನೀರು ಕುಡಿಸಿದ. ಬಾಟಲಿಯನ್ನು ಬಲಗಡೆಯಿಂದಲೇ ತುಟಿಗೆ ಹಿಡಿದ.

ಆರನೆಯದರಲ್ಲಿ ಅವನ ಮೂಲೆಯವರು ನಾನು ಒಂದೇ ಕಡೆ ಸುತ್ತುವುದನ್ನು ಕಂಡುಹಿಡಿದರು. ಅವರ ಭಾಷೆಯಲ್ಲಿ ಏನೋ ಕೂಗಿದರು. ಅವನು ನನ್ನ ಬಲದಾರಿಗೆ ಅಡ್ಡ ನಿಲ್ಲತೊಡಗಿದ. ನಾನು ಎಡಕ್ಕೆ ಸರಿಯಲೇಬೇಕಾಯಿತು, ಸರಿದ ಕೂಡಲೇ ಕಪಾಳಕ್ಕೆ ಬಿತ್ತು. ಎಲ್ಲಿಂದ ಬಂತೋ ಕಾಣಲಿಲ್ಲ. ಮತ್ತೊಂದು ಬಿತ್ತು. ಆ ರೌಂಡಿನ ಕೊನೆಗೆ ಎಡಗಣ್ಣಿನ ಮೂಲೆಯಿಂದ ಕಪ್ಪು ಪರದೆಯೊಂದು ಮೆಲ್ಲಗೆ ಮೇಲೇರಿ ಬಂತು, ಬಾವಿಯಲ್ಲಿ ನೀರು ಏರಿದ ಹಾಗೆ. ಡಾಕ್ಟರು ಹೇಳಿದ್ದು ಇದೇ ಎಂದು ಕೂಡಲೇ ತಿಳಿಯಿತು. ಸ್ಟೂಲಿನ ಮೇಲೆ ಕೂತು ಸುಭೇದಾರರಿಗೆ ಏನೂ ಇಲ್ಲ ಎಂದೆ. ಇನ್ನು ನಾಲ್ಕು ರೌಂಡು, ಬರೀ ಹನ್ನೆರಡು ನಿಮಿಷ. ಬಿದ್ದರೂ ಎದ್ದು ನಿಂತರೆ ಸಾಕು, ಲೆಕ್ಕದಲ್ಲಿ ನಾನೇ ಮುಂದಿದ್ದೇನೆ. ಅಪ್ಪ ನನ್ನ ಎದುರು ಮೊಣಕಾಲೂರಿ ಕಣ್ಣನ್ನೇ ನೋಡುತ್ತಿದ್ದ. ಸಾಕು ಮಾಡು ಎಂದು ಬಾಯಿಬಿಟ್ಟು ಹೇಳಲಿಲ್ಲ. ಗಂಟೆ ಬಾರಿಸಿದಾಗ ಸ್ಟೂಲು ಎತ್ತಿಕೊಂಡು ಕೆಳಗಿಳಿದ.

ಏಳನೆಯದನ್ನು ಎಡಗೈ ಚಾಚಿ ಅವನ ದೂರ ಅಳೆಯುತ್ತ, ಬರೀ ಕೈಯಳತೆಯ ಮೇಲೆ ಆಡಿದೆ. ಎಂಟನೆಯದು ಶುರುವಾದಾಗ ಪರದೆ ಅರ್ಧಕ್ಕಿಂತ ಮೇಲೇರಿತ್ತು. ಅವನಿಗೆ ಈಗ ಗುಟ್ಟು ಪೂರ್ತಿ ತಿಳಿದಿತ್ತು, ಎಡಕ್ಕೆ ಬಂದು ಬಂದು ಹೊಡೆಯುತ್ತಿದ್ದ. ಹೊರಗಿನವರಿಗೆ ನಾನು ದಣಿದಿದ್ದೇನೆ ಅಷ್ಟೇ ಅನ್ನಿಸಿರಬೇಕು. ಆಗ ಮೂಲೆಯಿಂದ ಆ ಕೂಗು ಬಂತು. ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಕೋರ್ಟಿನ ಬಾಗಿಲಲ್ಲಿ ಕೂಗುವ ಹಾಗೆಯೇ ಪೂರ್ತಿ. ಇಡೀ ಕ್ರೀಡಾಂಗಣದ ಗದ್ದಲವನ್ನು ಸೀಳಿಕೊಂಡು ಬಂತು. ನಾನು ತಿರುಗಲಿಲ್ಲ. ಒಂದು ಮೊಣಕಾಲು ನೆಲಕ್ಕೆ ಊರಿದ್ದರೆ ಸಾಕಿತ್ತು, ರೆಫ್ರಿ ಎಣಿಸುತ್ತಿದ್ದ, ಹತ್ತರವರೆಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಎರಡನೆಯ ಕೂಗು ಬಂತು. ಆಗಲೇ ಇನ್ನೊಂದು ಏಟು ಬಿದ್ದು ಹಗ್ಗಕ್ಕೆ ಒರಗಿದೆ, ಹಗ್ಗ ನನ್ನನ್ನು ತಿರುಗಿ ನೂಕಿತು. ಮೂರನೆಯ ಕೂಗಿನಲ್ಲಿ ದನಿ ಒಡೆದಿತ್ತು. ಕೇಳಿಸಿತು, ಖಂಡಿತ ಕೇಳಿಸಿತು. ನಾನು ಕೈ ಮೇಲೆತ್ತಿ ಮತ್ತೆ ಅವನ ಮೇಲೆ ಹೋದೆ.

ಅಪ್ಪ ಚಪ್ಪಲಿ ಕಳಚಿ ಮೆಟ್ಟಿಲ ಮೇಲೆ ಜೋಡಿಸಿಟ್ಟಿದ್ದ. ಅದನ್ನು ನಾನು ಆಮೇಲೆ ವಿಡಿಯೋದಲ್ಲಿ ನೋಡಿದೆ. ರಿಂಗಿನ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ, ಹಗ್ಗದ ನಡುವೆ ನುಸುಳಿದ. ನನಗೆ ತಿಳಿದದ್ದು ಬೆನ್ನ ಮೇಲೆ ಒಂದು ಅಗಲವಾದ ಕೈ ಬಿದ್ದಾಗಲೇ. ಇನ್ನೊಂದು ಕೈ ಎದುರಾಳಿಯ ಬೆನ್ನ ಮೇಲಿತ್ತು. ಆ ಹುಡುಗ ದಿಕ್ಕು ತಪ್ಪಿ ಕೈ ಕೆಳಗಿಳಿಸಿದ. ಅಪ್ಪ ನಮ್ಮಿಬ್ಬರ ನಡುವೆ ನಿಂತು, ಒಂದು ಕೈಯಲ್ಲಿ ಅವನ ಕೈ, ಇನ್ನೊಂದರಲ್ಲಿ ನನ್ನ ಕೈ ಹಿಡಿದು ಮೇಲಕ್ಕೆತ್ತಿದ.

“ಬರೋಬರಿ ಆತು,” ಎಂದ ಮಂದಿಯ ಕಡೆ ತಿರುಗಿ. “ಕುಸ್ತಿ ಬರೋಬರಿ ಆತ್ರಿ.”

ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ರೆಫ್ರಿ ಎರಡೂ ಕೈ ಬೀಸಿ ಪಂದ್ಯ ನಿಲ್ಲಿಸಿದ. ರೌಂಡು ನಡೆಯುವಾಗ ಮೂಲೆಯವನು ರಿಂಗಿನೊಳಗೆ ಕಾಲಿಟ್ಟರೆ ಅವನ ಕಡೆಯ ಆಟಗಾರ ಅನರ್ಹ, ಪಂದ್ಯ ಎದುರಾಳಿಗೆ. ಬಾಕ್ಸಿಂಗ್‌ನಲ್ಲಿ ಅದಕ್ಕೆ ಎರಡನೇ ಮಾತಿಲ್ಲ. ನನಗೆ ಅದು ಗೊತ್ತಿತ್ತು. ನನ್ನ ಹದಿಮೂರು, ನನ್ನ ಬೆಲ್ಟು, ನನ್ನ ಅಜೇಯ, ಎಲ್ಲವನ್ನೂ ಈ ಹಳ್ಳಿ ಮುದುಕ ತನ್ನ ಕುಸ್ತಿಯ ಹುಚ್ಚಿನಲ್ಲಿ ಮಣ್ಣುಪಾಲು ಮಾಡಿದ ಎನ್ನುವುದೊಂದೇ ತಲೆಯಲ್ಲಿ ಸಿಡಿಯಿತು. ಗ್ಲೌಸ್ ಹಾಕಿದ ಎರಡೂ ಕೈಯಿಂದ ಅವನ ಎದೆಗೆ ನೂಕಿದೆ. ಅಪ್ಪ ಅಂಗಾತ ಬಿದ್ದ. ಯಾವ ಪೈಲ್ವಾನನೂ ನೆಲಕ್ಕೆ ಹಚ್ಚದಿದ್ದ ಅವನ ಬೆನ್ನು ಬಾಗಲಕೋಟೆಯ ನಾಲ್ಕು ದಿಕ್ಕಿನ ಮಂದಿಯ ಎದುರು ನೆಲ ಮುಟ್ಟಿತು. ಮುಟ್ಟಿಸಿದವನು ನಾನು. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ಮರುದಿನವೇ ಹುಬ್ಬಳ್ಳಿಗೆ ಒಯ್ದು ಕಣ್ಣಿನ ಆಪರೇಶನ್ ಮಾಡಿಸಿದರು. ನಡುವಿನ ಭಾಗ ಇನ್ನೂ ಅಂಟಿಕೊಂಡಿದ್ದರಿಂದ ಅಷ್ಟಿಷ್ಟು ಉಳಿಸಿದ್ದೇವೆ, ಇನ್ನೆರಡು ಏಟು ಬಿದ್ದಿದ್ದರೆ ನಮ್ಮ ಕೈಯಲ್ಲೂ ಏನೂ ಇರಲಿಲ್ಲ ಎಂದರು ಡಾಕ್ಟರು. ಈಗಲೂ ಎಡಗಣ್ಣಿನಿಂದ ಮುಖಗಳು ಮಂಜಾಗಿ ಕಾಣುತ್ತವೆ, ಮೆಟ್ಟಿಲು ಕಾಣುತ್ತದೆ, ಬರುವ ಗಾಡಿ ಕಾಣುತ್ತದೆ. ಆಗ ನನಗೆ ಅದರ ಬೆಲೆ ತಿಳಿಯಲಿಲ್ಲ. ಕಣ್ಣು ಉಳಿದದ್ದು ನನ್ನ ಅದೃಷ್ಟ, ಪಟ್ಟ ಹೋದದ್ದು ಅಪ್ಪನ ದಡ್ಡತನ, ಹೀಗೆ ಪಾಲು ಮಾಡಿಟ್ಟುಕೊಂಡೆ. ಸಿಟ್ಟಿಗೆ ಅನುಕೂಲವಾದ ಪಾಲು.

ನಾಲ್ಕು ವರ್ಷ ಅಪ್ಪನ ಜೊತೆ ಮಾತಾಡಲಿಲ್ಲ. ಒಂದೇ ಮನೆ, ಒಂದೇ ಹೊಸ್ತಿಲು. ನಾನು ಇಳಕಲ್ಲಿನ ಇನ್ನೊಂದು ಗ್ರಾನೈಟ್ ಫ್ಯಾಕ್ಟರಿಗೆ ಮೇಲ್ವಿಚಾರಕನಾಗಿ ಸೇರಿದೆ, ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದೆ. ಊಟದ ಹೊತ್ತಿಗೆ ಅಪ್ಪ ಪಡಸಾಲೆಯಿಂದ ನನ್ನ ಹೆಸರನ್ನು ಮೂರು ಸಲ ಕೂಗುತ್ತಿದ್ದ. ಒಂದು ದಿನವೂ ತಪ್ಪಿಸಲಿಲ್ಲ. ನಾನು ಒಂದು ದಿನವೂ ಓಗೊಡಲಿಲ್ಲ. ಮೂರನೆಯದೂ ಮುಗಿದ ಮೇಲೆ ಅವ್ವ ತಾಟು ನನ್ನ ಕೋಣೆಗೆ ತರುತ್ತಿದ್ದಳು. ಇಬ್ಬರೂ ಸೇರಿ ನನ್ನನ್ನು ಸಿಪಾಯಿ ಮಾಡಿಬಿಟ್ಟಿರಿ ಎಂದು ಗೊಣಗುತ್ತಿದ್ದಳು.

ಊರು ಅಪ್ಪನನ್ನು ಬಿಡಲಿಲ್ಲ. ಚಹಾದಂಗಡಿಯಲ್ಲಿ, ಏನ್ರಿ ಪೈಲ್ವಾನ್ರ, ಇವತ್ತ ಯಾರ ಜೋಡಿ ಬಿಡಸಾಕ ಹೊಂಟ್ರಿ ಎಂದು ಕೇಳುತ್ತಿದ್ದರು. ಎರಡು ಎತ್ತು ಹಾಯ್ದಾಡಿದರೆ, ಕರೀರಿ ಅವರನ್ನ ಎನ್ನುತ್ತಿದ್ದರು. ಶಾಲು ಹೊದಿಸಿದ್ದ ವಕೀಲರೂ ಕೋರ್ಟಿನ ಅಂಗಳದಲ್ಲಿ ಕಿಚಾಯಿಸುತ್ತಿದ್ದರು. ಅಪ್ಪ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದ, ನಾ ಹಳ್ಳಿ ಮನಷ್ಯಾ, ನಂಗ ಕುಸ್ತಿ ಬಿಟ್ರ ಏನ ಗೊತ್ತರಿ ಎಂದು. ನಿವೃತ್ತನಾದ ದಿನದ ಸಮಾರಂಭದಲ್ಲೂ ಅದೇ ಮಾತು ತೆಗೆದು ನಕ್ಕರಂತೆ. ನಾನು ಆ ಸಮಾರಂಭಕ್ಕೆ ಹೋಗಿರಲಿಲ್ಲ.

ಕಳೆದ ಮಳೆಗಾಲ ಮುಗಿದ ಮೇಲೆ ಸುಭೇದಾರರು ಮೊಣಕಾಲಿನ ಆಪರೇಶನ್ ಮಾಡಿಸಿಕೊಂಡು ಕಲಾದಗಿಯ ತೋಟದಲ್ಲಿದ್ದಾರೆಂದು ತಿಳಿದು ನೋಡಲು ಹೋದೆ. ದಾಳಿಂಬೆ ಗಿಡಗಳ ನಡುವೆ ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದರು. ಹಳೆಯ ಮಾತೆಲ್ಲ ಬಂತು. ಮಂಗ್ಯಾನ ಮಾತು ಬಂತು, ನಕ್ಕೆವು. ಹಾಗೇ ಹದಿನಾಲ್ಕನೆಯದರ ಮಾತೂ ಬಂತು. ನಾನು ಎಂದಿನಂತೆ ಶುರುಮಾಡಿದೆ. ನಿಯಮ ತಿಳಿಯದ ಮುದುಕನನ್ನು ಮೂಲೆಯಲ್ಲಿ ನಿಲ್ಲಿಸಿದ್ದೇ ನಮ್ಮ ತಪ್ಪು ಎಂದೆ, ಇನ್ನೂ ಕೆಟ್ಟದಾಗಿಯೂ ಏನೋ ಅಂದೆ. ಅವರು ಕೈಯಲ್ಲಿದ್ದ ಊರುಗೋಲನ್ನು ನೆಲಕ್ಕೆ ಕುಕ್ಕಿದರು.

“ಸಾಕ ಮಾಡ ಲೇ. ಹೇಳಬ್ಯಾಡ್ರಿ ಅಂತ ಕೈ ಹಿಡದಿದ್ದಾ ನಿಮ್ಮಪ್ಪ, ಅದಕ್ಕ ಸುಮ್ಮನಿದ್ದೆ. ನಿಯಮಾ ನಿನಗಿಂತ ಛಲೋ ತಿಳಕೊಂಡಿದ್ದಾ ಅಂವಾ.”

ಆಮೇಲೆ ಅವರು ಹೇಳಿದ್ದು ಇದು. ನಿಯಮದ ಸಭೆಯಲ್ಲಿ ಅಪ್ಪ ಅವರ ಕಿವಿಗೆ ಬಾಗಿ ಕೇಳಿದ್ದು ಎರಡೇ ಪ್ರಶ್ನೆ. ಮೂಲೆಯವರು ರಿಂಗಿನೊಳಕ್ಕೆ ಟಾವೆಲ್ ಒಗೆದರೆ, ಅಂದರೆ ಎಸೆದರೆ, ಏನಾಗುತ್ತದೆ ಎಂದು ಮೊದಲನೆಯದು. ಪಂದ್ಯ ನಿಲ್ಲುತ್ತದೆ, ಆಟಗಾರ ಸೋತ ಎಂದು ಬರೆಯುತ್ತಾರೆ ಎಂದಿದ್ದರು ಸುಭೇದಾರರು. ಮೂಲೆಯವರೇ ಒಳಗೆ ಹೋಗಿಬಿಟ್ಟರೆ ಎಂದು ಎರಡನೆಯದು. ಆಗಲೂ ಪಂದ್ಯ ಹೋಗುತ್ತದೆ, ಆದರೆ ಅನರ್ಹ ಎಂದು ಬರೆಯುತ್ತಾರೆ ಎಂದರು. ಅಪ್ಪ ಮತ್ತೆ ಒಂದು ಮಾತು ಖಾತ್ರಿ ಮಾಡಿಕೊಂಡ, ಯಾಕೆ ಅನರ್ಹ ಅನ್ನುವ ಕಾರಣವನ್ನೂ ಬರೆಯುತ್ತಾರೋ ಎಂದು. ಬರೆಯುತ್ತಾರೆ ಎಂದು ಅವರು ತಲೆಯಾಡಿಸಿದರು. ಕೋರ್ಟಿನ ಮನುಷ್ಯನ ಚಟ ಎಂದುಕೊಂಡು ಅದನ್ನು ಅಲ್ಲಿಗೇ ಮರೆತಿದ್ದರಂತೆ. ಹುಬ್ಬಳ್ಳಿಯಲ್ಲಿ ನನ್ನ ಆಪರೇಶನ್ ನಡೆಯುವಾಗ ಹೊರಗಿನ ಬೆಂಚಿನ ಮೇಲೆ ಕೂತು, ಹೀಗೆ ಯಾಕೆ ಮಾಡಿದಿರಿ, ನನಗೊಂದು ಸನ್ನೆ ಮಾಡಿದ್ದರೆ ನಾನೇ ಟಾವೆಲ್ ಒಗೆಯುತ್ತಿದ್ದೆನಲ್ಲ ಎಂದು ತಾವು ಕೇಳಿದಾಗ ಅಪ್ಪ ಹೇಳಿದ ಮಾತನ್ನು ಅವರು ಅಪ್ಪನ ಮಾತಿನಲ್ಲೇ ಹೇಳಿದರು.

“ಟಾವೆಲ್ ಒಗದಿದ್ರ ನನ್ನ ಮಗಾ ಸೋತಾ ಅಂತ ಬರೀತಿದ್ರರಿ. ಈಗ ಅವರಪ್ಪ ಹುಚ್ಚ ಅಂತ ಬರೀತಾರ. ಬರಕೊಳ್ಳಲಿ.”

ಸುಭೇದಾರರು ಎರಡು ದಾಳಿಂಬೆ ಕಿತ್ತು ಚೀಲಕ್ಕೆ ಹಾಕಿಕೊಟ್ಟರು, ಇದು ನಿನಗೆ ತಿಳಿಯಿತೆಂದು ನಿಮ್ಮಪ್ಪನಿಗೆ ಹೇಳಬೇಡ, ಅವನ ಮುಂದೆ ನಾನು ಮಾತಿಗೆ ತಪ್ಪಿದವನಾಗುತ್ತೇನೆ ಎಂದರು. ಬಸ್ಸಿನಲ್ಲಿ ಬಾಗಲಕೋಟೆ ದಾಟುವಾಗ ಕ್ರೀಡಾಂಗಣದ ಕಡೆ ನೋಡಲಾಗಲಿಲ್ಲ. ಮೂವತ್ತು ವರ್ಷ ಕೋರ್ಟಿನ ಬಾಗಿಲು ಕಾದವನಿಗೆ ನಿಯಮ ತಿಳಿಯಲಿಲ್ಲ ಎಂದು ನಾಲ್ಕು ವರ್ಷ ನಂಬಿದ್ದೆನಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟವನು ಯಾರಿಗೂ ಹೇಳಿರಲಿಲ್ಲ. ಚಪ್ಪಲಿ ಕಳಚಿ ಜೋಡಿಸಿಟ್ಟದ್ದು, ರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡದ್ದು, ಬರೋಬರಿ ಎಂದು ಕೂಗಿದ್ದು, ಎಲ್ಲವನ್ನೂ ಮಂದಿ ನಗಲಿ ಎಂದೇ ಮಾಡಿದ್ದ. ನನ್ನ ಮೇಲೆ ನಗದೆ ಅವನ ಮೇಲೆ ನಗಲಿ ಎಂದು. ನನ್ನನ್ನು ಯಾರೂ ಸೋಲಿಸಿಲ್ಲ ಎಂದು ಈಗಲೂ ಎದೆ ತಟ್ಟಿ ಹೇಳಲು ಬರುತ್ತದಲ್ಲ, ಅದು ಅವನು ಕೊಟ್ಟದ್ದು. ಅವನ ಬೆನ್ನು ಮಾತ್ರ ನೆಲ ಮುಟ್ಟಿತ್ತು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅಪ್ಪ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದ. ತಲೆ ಎತ್ತಿ ನೋಡಿ ಮತ್ತೆ ಕೆಲಸಕ್ಕೆ ತೊಡಗಿದ. ಕೇಳಿಬಿಡೋಣ ಎಂದು ಬಾಯಿವರೆಗೆ ಬಂತು. ಕೇಳಿದ್ದರೆ, ನಾ ಹಳ್ಳಿ ಮನಷ್ಯಾ, ನಂಗ ಏನ ಗೊತ್ತ ಎನ್ನುತ್ತಿದ್ದ, ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಚೀಲವನ್ನು ಅವನ ಪಕ್ಕದಲ್ಲಿಟ್ಟು ಕೋಣೆಗೆ ಹೋಗಿ ಕತ್ತಲೆಯಲ್ಲೇ ಹಾಸಿಗೆಯ ಮೇಲೆ ಕೂತೆ. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವುದು ನಿಂತಿತು. ತಾಟು ಇಡುವ ಸದ್ದಾಯಿತು.

ಅಪ್ಪ ಕೂಗಿದ. ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ, ಆದರೆ ಅದೇ ಕೂಗು.

“ಬಂದೆ ಅಪ್ಪಾ,” ಎಂದೆ.

ಎದ್ದು ಹೋಗಿ ಪಡಸಾಲೆಯಲ್ಲಿ ನಿಂತೆ. ಮೂರು ತಾಟು ಹಾಕಿದ್ದರು. ನನ್ನ ತಾಟಿನ ಬಲಕ್ಕೆ ತಂಬಿಗೆ ಇತ್ತು. ನಾಲ್ಕು ವರ್ಷ ಅಲ್ಲಿ ಯಾರೂ ಕೂರದಿದ್ದರೂ ಅವನು ದಿನಾ ಹಾಗೆ ಇಡುತ್ತಿದ್ದ ಎಂದು ಅವ್ವ ಆಮೇಲೆ ಹೇಳಿದಳು. ಎರಡನೆಯ ಕೂಗಿಗೆ ತೆರೆದ ಬಾಯಿ ಹಾಗೇ ಇತ್ತು ಅಪ್ಪನದು. ನನ್ನನ್ನು ನೋಡಿದ, ಎಡಗಣ್ಣನ್ನು ನೋಡಿದ, ಆಮೇಲೆ ಅಡುಗೆಮನೆಯ ಕಡೆ ತಿರುಗಿ, ಕೋರ್ಟಿನೊಳಗೆ ಕೂತ ಜಡ್ಜ್ ಸಾಹೇಬರಿಗೆ ಹೇಳುವ ಹಾಗೆ ಹೇಳಿದ.

“ಹಾಜರ ಅದಾನ.”